ಗೋಡೆಗೆ ಮುಖ ಮಾಡಿದ ಊರು

ಗೋಡೆಗೂ ಕಿವಿಯಿರುತ್ತದೆ ಎಂದು ಎಲ್ಲ ಊರುಗಳಲ್ಲೂ ಹೇಳುತ್ತಾರೆ. ಈ ಊರಿನ ಗೋಡೆಗಳಿಗೆ ಹಣೆಯೂ ಇತ್ತು. ಬೀದಿಯ ಎರಡೂ ಬದಿಗೆ, ಮನೆಮನೆಯ ಹೊರಗೋಡೆಯ ಮೇಲೆ, ಒಂದೊಂದು ಎತ್ತರದಲ್ಲಿ ಒಂದೊಂದು ಕಪ್ಪು ಕಲೆ. ಎಣ್ಣೆ ಹಚ್ಚಿದ ಹಣೆಗಳು ದಿನಾ ಒತ್ತಿ ಒತ್ತಿ ಮೂಡಿಸಿದ ಕಲೆಗಳು ಅವು. ಎತ್ತರದ ಕಲೆ ಗಂಡಸರದು, ಅದಕ್ಕಿಂತ ತಗ್ಗಿನದು ಹೆಂಗಸರದು, ಮೊಣಕಾಲಿನ ಸಮಕ್ಕೆ ಇರುವುದು ಈಗಷ್ಟೇ ನಿಲ್ಲಲು ಕಲಿತ ಕೂಸಿನದು. ಕೂಸು ಬೆಳೆದಂತೆ ಕಲೆಯೂ ಗೋಡೆ ಹತ್ತುತ್ತಿತ್ತು. ಯಾರ ಮನೆಯ ಕಲೆ ಹೆಚ್ಚು ಕಪ್ಪಾಗಿದೆಯೋ ಆ ಮನೆಗೆ ಹೆಣ್ಣು ಕೊಡಲು ಜನ ತಾವಾಗಿ ಮುಂದೆ ಬರುತ್ತಿದ್ದರು.

ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಗಂಟೆಯ ಸದ್ದು ಕೇಳಿದರೆ ಗೋಡೆಗೆ ಮುಖ ಮಾಡಬೇಕು. ಸದ್ದು ದಾಟಿಹೋಗುವ ತನಕ ತಿರುಗಬಾರದು. ಗಂಟೆ ಊರಿನ ಪಾಪಿಯ ಕೊರಳಲ್ಲಿರುತ್ತಿತ್ತು. ಊರಿಗೆ ಒಬ್ಬ ಪಾಪಿ, ಒಂದು ಗಂಟೆ. ಪಾಪಿಯನ್ನು ಯಾರು ನೋಡುತ್ತಾರೋ ಪಾಪ ಅವರಿಗೆ ದಾಟುತ್ತದೆ, ಗಂಟೆಯೂ ಅವರ ಕೊರಳಿಗೆ ದಾಟುತ್ತದೆ, ನೋಡಿಸಿಕೊಂಡವರು ಶುದ್ಧರಾಗಿ ಮನೆಗೆ ಹೋಗುತ್ತಾರೆ. ಎಲ್ಲರೂ ಗೋಡೆ ನೋಡುತ್ತಿರುವಾಗ ಇಂಥವರು ನೋಡಿದರು ಎಂದು ಹೇಳುವವರು ಯಾರು? ನೋಡಿದವರೇ ಹೇಳಬೇಕು, ತಮ್ಮ ಬಾಯಿಂದಲೇ. ಆ ಊರಿನಲ್ಲಿ ಸುಳ್ಳು ಹೇಳುವವರಿರಲಿಲ್ಲ. ಬಾಯಿ ಬಿಡದೆ ಸುಮ್ಮನಿರುವುದನ್ನು ಅವರು ಸುಳ್ಳು ಎನ್ನುತ್ತಿರಲಿಲ್ಲ, ಅದು ಬೇರೆ ಮಾತು.

ಮೊಟ್ಟಮೊದಲ ಪಾಪಿ ಯಾರು, ಮಾಡಿದ ಪಾಪ ಯಾವುದು ಎನ್ನುವುದು ಯಾರಿಗೂ ನೆನಪಿರಲಿಲ್ಲ. ಕಟ್ಟಳೆ ಕಾಯುವ ಹಿರಿಯರೊಬ್ಬರಿದ್ದರು, ಅವರನ್ನು ಊರು ದೊಡ್ಡವರು ಎಂದು ಕರೆಯುತ್ತಿತ್ತು. ಅವರನ್ನು ಕೇಳಿದರೆ, "ಕೇಳೋದೇ ಪಾಪ, ಸುಮ್ಮನಿರು" ಎನ್ನುತ್ತಿದ್ದರು. ಪಾಪ ಮರೆತುಹೋಗಿತ್ತು. ಗಂಟೆ ಮಾತ್ರ ಕೊರಳಿಂದ ಕೊರಳಿಗೆ ಬರುತ್ತಾ ಇತ್ತು.

ಈ ಕಥೆಯ ಕಾಲಕ್ಕೆ ಅದು ಒಬ್ಬ ಹೆಂಗಸಿನ ಕೊರಳಲ್ಲಿತ್ತು. ಅವಳಿಗೆ ಅದು ಬಂದ ಬಗೆ ಹೀಗೆ. ಅವಳಿಗಿಂತ ಮೊದಲು ಗಂಟೆ ಒಬ್ಬ ಮುದುಕನ ಕೊರಳಲ್ಲಿತ್ತು. ಒಂದು ಬೇಸಿಗೆಯ ಬೆಳಗ್ಗೆ ಬೀದಿಯ ನಡುವೆ ಗಂಟೆ ಢಣ್ಣೆಂದು ನೆಲಕ್ಕೆ ಬಡಿದ ಸದ್ದಾಯಿತು. ಆಮೇಲೆ ಮುಲುಕು ಕೇಳಿತು. ಊರಿಗೆ ಊರೇ ಗೋಡೆಗೆ ಹಣೆ ಒತ್ತಿ ನಿಂತು ಆ ಮುಲುಕನ್ನು ಕೇಳಿತು. ಅವಳು ಆಗ ಮದುವೆಯಾಗಿ ಹೆಚ್ಚು ದಿನವಾಗದ ಹುಡುಗಿ. ಸೊಂಟದ ಮೇಲಿನ ಕೊಡದಲ್ಲಿ ನೀರಿತ್ತು. ತಿರುಗಿದಳು, ಹೋದಳು, ಮುದುಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದಳು, ಎದ್ದು ನಿಂತು "ನಾನು ನೋಡಿದೆ" ಎಂದಳು.

"ಕಣ್ಮುಚ್ಚಿಕೊಂಡು ಕುಡಿಸಬಹುದಿತ್ತಲ್ಲ, ತಾಯಿ" ಎಂದರು ದೊಡ್ಡವರು. ಅವರಿಗೂ ಬೇಜಾರಾಗಿತ್ತು.

"ಬಾಯಿ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ" ಎಂದಳು ಅವಳು.

ಆ ಉತ್ತರಕ್ಕೆ ಕಟ್ಟಳೆಯಲ್ಲಿ ಜಾಗವಿರಲಿಲ್ಲ. ದೊಡ್ಡವರು ಕಣ್ಣು ಮುಚ್ಚಿಕೊಂಡು, ತಡಕಾಡುತ್ತಾ, ಗಂಟೆಯ ಹಗ್ಗ ಬಿಚ್ಚಿ ಅವಳ ಕೊರಳಿಗೆ ಕಟ್ಟಿದರು. ಬಿಡುಗಡೆಯಾದ ಮುದುಕ ಮನೆಗೆ ಹೋದ. ಮಾರನೆಯ ಬೆಳಗ್ಗೆ ಅವಳು ಗಂಟೆ ಬಾರಿಸುತ್ತಾ ಅವನ ಮನೆಯ ಮುಂದೆ ಬಂದಾಗ ಅವನೂ ಗೋಡೆಗೆ ಮುಖ ಮಾಡಿ ನಿಂತಿದ್ದ. ಬೇರೆಯವರಿಗಿಂತ ಒಂದಿಷ್ಟು ಹೆಚ್ಚೇ ಒತ್ತಿ ನಿಂತಿದ್ದ. ಅವಳಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಆಮೇಲೆ ಪಾಪಿಗೆಂದೇ ಇದ್ದ ಊರಾಚೆಯ ಗುಡಿಸಲಿಗೆ ಹೋಗಿ ಕೂತು ಅತ್ತಳು.

ಅವತ್ತಿನಿಂದ ಅವಳು ಗಂಟೆಯವಳು. ದಿನಾ ಬೆಳಗ್ಗೆ ಊರಿನ ಈ ತುದಿಯಿಂದ ಆ ತುದಿಗೆ ನಡೆಯಬೇಕು, ಆ ತುದಿಯ ಚಪ್ಪಡಿಯ ಮೇಲೆ ಸರದಿಯ ಮನೆಯವರು ಇಟ್ಟುಹೋದ ಅನ್ನ ತೆಗೆದುಕೊಳ್ಳಬೇಕು, ಮತ್ತೆ ಗುಡಿಸಲಿಗೆ ಬರಬೇಕು. ಪಾಪವನ್ನು ಊರು ಮರೆಯಬಾರದಲ್ಲ, ಅದಕ್ಕೆ.

ಮೊದಲ ದಿನವೇ ಅವಳು ತನ್ನ ಗಂಡನ ಬೆನ್ನ ಹಿಂದೆ ಹೆಜ್ಜೆ ನಿಧಾನ ಮಾಡಿದಳು. ಗಂಡ ಊರಿನ ಗಾರೆಯವನು. ಸುಣ್ಣ ಅರೆದು ಗೋಡೆಗೆ ಮೆತ್ತುವುದು ಅವನ ಕಸುಬು. ಅವಳ ಸೋದರತ್ತೆಯ ಮಗ. ಚಿಕ್ಕಂದಿನಲ್ಲಿ ಬಾವ ಎಂದು ಕರೆದದ್ದು ಮದುವೆಯಾದ ಮೇಲೂ ಹಾಗೇ ಉಳಿದಿತ್ತು.

"ಬಾವಾ, ತಿರುಗಬೇಡ. ನನ್ನ ಮೇಲಾಣೆ. ನೀನು ತಿರುಗಿದ್ರೆ ಇದು ನಿನ್ನ ಕೊರಳಿಗೆ ಬರುತ್ತೆ. ಆಮೇಲೆ ನಾನೇನು ಮಾಡ್ಲಿ? ಮನೇಲಿ ಕೂತು ನಿನ್ನ ಗಂಟೆ ಕೇಳ್ಕೊಂಡು ಅಳ್ಲಾ?"

ಅವನ ಬೆನ್ನು ನಡುಗಿತು. ಅವನು ತಿರುಗಲಿಲ್ಲ.

ಹೆಂಡತಿ ಹಬ್ಬಕ್ಕೆ ಸೀರೆ ಬೇಡ ಎಂದರೆ ನಿಜಕ್ಕೂ ತರದೆ ಬರಿಗೈಯಲ್ಲಿ ಬಂದು, ನೀನೇ ಬೇಡ ಅಂದೆಯಲ್ಲ ಎನ್ನುವ ಗಂಡಂದಿರಿದ್ದಾರೆ. ಗಾರೆಯವನು ಆ ಜಾತಿಯವನೆಂದು ಗಂಟೆಯವಳಿಗೆ ಆ ದಿನಗಳಲ್ಲಿ ಅನ್ನಿಸಿತು. ಎರಡನೆಯ ದಿನವೂ ಅವನು ತಿರುಗಲಿಲ್ಲ, ಆ ಮಳೆಗಾಲದಲ್ಲೂ ತಿರುಗಲಿಲ್ಲ, ಮುಂದಿನ ಎಷ್ಟೋ ಮಳೆಗಾಲಗಳಲ್ಲೂ ತಿರುಗಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ: ಸಾಯುವುದರೊಳಗೆ ಬಾವ ಒಮ್ಮೆ ತನ್ನ ಮುಖ ನೋಡಬೇಕು. ಅವಳಿಗಿದ್ದ ಹೆದರಿಕೆಯೂ ಒಂದೇ: ಎಲ್ಲಿ ಬಾವ ತನ್ನ ಮುಖ ನೋಡಿಬಿಡುತ್ತಾನೋ. ಎರಡನ್ನೂ ಒಂದೇ ಎದೆಯಲ್ಲಿಟ್ಟುಕೊಂಡು ದಿನಾ ಆ ಬೀದಿಯಲ್ಲಿ ನಡೆದಳು.

ಬಿಡುಗಡೆಗೆ ದಾರಿ ಇಲ್ಲದೆ ಇರಲಿಲ್ಲ. ಹಿಂದಿನ ಪಾಪಿಗಳು ಹಾವು ಹಾವು ಎಂದು ಕೂಗಿದ್ದುಂಟು, ಹೆರಿಗೆ ನೋವು ಬಂದವರಂತೆ ನರಳಿದ್ದುಂಟು; ಬೆಚ್ಚಿ ತಿರುಗಿದವರ ಕೊರಳಿಗೆ ಗಂಟೆ ದಾಟಿಸಿ ಕೈ ತೊಳೆದುಕೊಂಡದ್ದುಂಟು. ಅದಕ್ಕೇ ಊರಿನವರಿಗೆ ಪಾಪಿ ಅತ್ತರೂ ಬಲೆ, ನಕ್ಕರೂ ಬಲೆ. ಗಂಟೆಯವಳು ಅಂಥ ಕೆಲಸಕ್ಕೆ ಹೋಗಲಿಲ್ಲ. ತಿರುವು ಬಂದಲ್ಲಿ ಗಂಟೆಯನ್ನು ಇನ್ನೂ ಜೋರಾಗಿ ಅಲ್ಲಾಡಿಸಿ, "ಬಂದೆ, ಬಂದೆ, ತಿರುಗಿಕೊಳ್ಳಿ" ಎನ್ನುತ್ತಿದ್ದಳು. ಅವಳಷ್ಟು ಒಳ್ಳೆಯ ಪಾಪಿ ಆ ಊರಿಗೆ ಎಂದೂ ಸಿಕ್ಕಿರಲಿಲ್ಲ.

ಊರೆಲ್ಲ ಅವಳಿಗೆ ಬರೀ ಬೆನ್ನು. ಬೆನ್ನುಗಳನ್ನು ನೋಡಿ ನೋಡಿ ಅವಳು ಊರಿನ ಸಂಗತಿಗಳನ್ನು ತಿಳಿಯುತ್ತಿದ್ದಳು. ಯಾರ ಬೆನ್ನು ಬಾಗುತ್ತಿದೆ, ಯಾರದು ಬಸುರಿಯ ಬೆನ್ನು, ಯಾರು ರಾತ್ರಿಯೆಲ್ಲ ಅತ್ತಿದ್ದಾರೆ, ಎಲ್ಲ. ಬೆನ್ನುಗಳ ಜೊತೆ ಮಾತಾಡುತ್ತಲೂ ಇದ್ದಳು. ಕಟ್ಟಳೆಯಲ್ಲಿ ಕೇಳಿಸಿಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ; ಉತ್ತರ ಕೊಡುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ. "ಬಾವಾ, ನಿನ್ನ ಅಂಗಿ ಭುಜದ ಹತ್ತಿರ ಹೊಲಿಗೆ ಬಿಟ್ಟಿದೆ" ಎಂದರೆ ಮರುದಿನ ಅಲ್ಲಿ ಹೊಲಿಗೆ ಬಿದ್ದಿರುತ್ತಿತ್ತು. "ಅತ್ತೇ, ಮಂಡಿಗೆ ಎಣ್ಣೆ ತಿಕ್ಕಿಸ್ಕೋ" ಎಂದರೆ ಗಾರೆಯವನ ಪಕ್ಕದಲ್ಲಿ ನಿಂತ ಮುದುಕಿಯ ಹೆಗಲು ಕುಲುಕುತ್ತಿತ್ತು. ಅದು ನಗುವೋ ಅಳುವೋ ಹಿಂದಿನಿಂದ ಹೇಳುವುದು ಕಷ್ಟ.

ಗಾರೆಯವನು ಮಾತ್ರ ಒಂದು ವಿಚಿತ್ರ ಮಾಡುತ್ತಿದ್ದ. ದಿನಾ ಸಂಜೆ ಕೆಲಸ ಮುಗಿಸಿ ಬಂದು, ತಾನು ನಿಲ್ಲುವ ಕಡೆಯ ಗೋಡೆಯನ್ನು ಹೊಳೆಯ ನುಣ್ಣನೆ ಕಲ್ಲಿನಿಂದ ಉಜ್ಜುತ್ತಿದ್ದ. ಹಳೆಯ ಕಲೆಯನ್ನೆಲ್ಲ ಕೆರೆದು ತೆಗೆದು, ಹದಿನೆಂಟು ಸಲ ಸೋಸಿದ ಸುಣ್ಣಕ್ಕೆ ಮೊಟ್ಟೆಯ ಬಿಳಿ ಕಲಸಿ ಬಳಿದು, ಅದು ಒಣಗುವ ಮೊದಲೇ ಉಜ್ಜುತ್ತಿದ್ದ. ಮಾರನೆಯ ಸಂಜೆ ಮತ್ತೆ ಉಜ್ಜುತ್ತಿದ್ದ. "ಹೆಂಡತಿ ಪಾಪಿಯಾದಳು, ಗಂಡ ಗೋಡೆಯ ಸೇವೆ ಮಾಡಿ ಆ ಪಾಪ ತೊಳೀತಿದ್ದಾನೆ" ಎಂದು ಊರು ಅವನನ್ನು ಹೊಗಳಿತು. ಗಂಟೆಯವಳಿಗೆ ಅವರಿವರ ಮಾತು ಕಿವಿಗೆ ಬಿದ್ದು ಹೊಟ್ಟೆ ಉರಿಯಿತು. ನನ್ನ ಕಡೆ ತಿರುಗದವನು ಗೋಡೆಗೆ ಉಪಚಾರ ಮಾಡುತ್ತಾನಲ್ಲ ಎಂದು.

ಹೀಗಿರುವಾಗ ಒಂದು ದಿನ ಗುಡಿಸಲಿನ ಸೂರಿನಲ್ಲಿದ್ದ ಕಣಜ ಅವಳ ಕೆನ್ನೆಗೆ ಕಚ್ಚಿತು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಯಿತು. ಅವತ್ತು ಅವಳಿಗೆ ಬಾಯಿ ತೆರೆಯಲಾಗಲಿಲ್ಲ. ಯಾರ ಬೆನ್ನಿನ ಹತ್ತಿರವೂ ಒಂದು ಮಾತಾಡದೆ ಬೀದಿ ದಾಟಿದಳು. ಮರುದಿನ ಚಪ್ಪಡಿಯ ಮೇಲೆ ಅನ್ನದ ಪಕ್ಕದಲ್ಲಿ ಒಂದು ಎಲೆಯಿತ್ತು. ಎಲೆಯೊಳಗೆ ಬೆಣ್ಣೆಯ ಹಾಗೆ ಅರೆದ ಸುಣ್ಣ. ಕಣಜ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚುವುದು ಯಾರಿಗೆ ಗೊತ್ತಿಲ್ಲ? ಆದರೆ ಕಚ್ಚಿದ್ದು ಯಾರಿಗೆ ಗೊತ್ತು? ಅವಳು ಯಾರಿಗೂ ಹೇಳಿರಲಿಲ್ಲ.

ಆ ಸುಣ್ಣವನ್ನು ಕೆನ್ನೆಗೆ ಮೆತ್ತಿಕೊಂಡೇ ಅವಳು ಮಾರನೆಯ ಬೆಳಗ್ಗೆ ಹೊರಟಳು. ಗಾರೆಯವನ ಹತ್ತಿರ ಬಂದಾಗ ಮೊದಲ ಸಲ ಅವನ ಬೆನ್ನನ್ನು ಬಿಟ್ಟು, ಅವನ ಹೆಗಲಿನಾಚೆಗೆ, ಗೋಡೆಯನ್ನು ನೋಡಿದಳು. ಗೋಡೆಯೊಳಗೆ ಒಬ್ಬ ಹೆಂಗಸು ನಿಂತಿದ್ದಳು. ಒಂದು ಕೆನ್ನೆಗೆ ಬೆಳ್ಳಗೆ ಸುಣ್ಣ, ಕೊರಳಲ್ಲಿ ಗಂಟೆ, ತಲೆಯಲ್ಲಿ ನರೆ. ಅವಳ ಮುಂದೆ, ಹಣೆ ಒತ್ತದೆ ಗೇಣು ದೂರ ನಿಂತ ಒಬ್ಬ ಗಂಡಸಿನ ಮುಖವಿತ್ತು. ಆ ಮುಖ ಅವಳನ್ನೇ ನೋಡಿ ನಗುತ್ತಿತ್ತು.

ಗಂಟೆ ನಿಲ್ಲಬಾರದೆಂದು ಅವಳು ನಿಂತಲ್ಲೇ ಅದನ್ನು ಅಲ್ಲಾಡಿಸುತ್ತಾ ಇದ್ದಳು. 

"ಎಷ್ಟು ದಿನದಿಂದ?" ಎಂದಳು ಪಿಸುದನಿಯಲ್ಲಿ.

"ಬಹಳ ದಿನದಿಂದ ಕಣೇ" ಎಂದ ಅವನು ಗೋಡೆಗೆ.

"ನಾನು ಮುದುಕಿ ಆಗೋದನ್ನ ದಿನಾ ನೋಡ್ತಾ ಇದ್ದೆಯಾ?"

"ಹ್ಞೂಂ. ಒಂದು ದಿನಾನೂ ತಪ್ಪಿಸ್ಕೊಂಡಿಲ್ಲ."

"ಆಣೆ ಮುರಿದೆಯಲ್ಲ, ಬಾವಾ!"

"ಎಲ್ಲಿ ಮುರಿದೆ? ತಿರುಗಬೇಡ ಅಂದೆ. ತಿರುಗಲಿಲ್ಲ."

ಅವಳಿಗೆ ಅವನ ಬೆನ್ನಿಗೆ ಒಂದು ಗುದ್ದು ಹಾಕಬೇಕೆನ್ನಿಸಿತು, ಆ ಬೆನ್ನಿಗೇ ತಲೆಯಿಟ್ಟು ಅಳಬೇಕೆನ್ನಿಸಿತು. ಎರಡನ್ನೂ ಮಾಡದೆ ಮುಂದಕ್ಕೆ ನಡೆದಳು. ಅವತ್ತು ಗುಡಿಸಲಿನಲ್ಲಿ ತಲೆಗೂದಲ ಸಿಕ್ಕು ಬಿಡಿಸುತ್ತಾ ಇಡೀ ಮಧ್ಯಾಹ್ನ ಕಳೆದಳು. ಆಮೇಲಿನ ಬೆಳಗುಗಳಲ್ಲಿ ಗೋಡೆಯ ಮುಂದೆ ಅವಳ ಹೆಜ್ಜೆ ನಿಧಾನವಾಗುತ್ತಿತ್ತು, ಗೋಡೆಯೊಳಗೆ ಎರಡು ಮುಖಗಳು ಒಂದನ್ನೊಂದು ನೋಡುತ್ತಿದ್ದವು. "ಚಾವಡಿಗೆ ಹೋಗಿ ನೋಡಿದೆ ಅಂತ ಹೇಳಿಬಿಡ್ಲಾ? ನಿನಗೆ ಬಿಡುಗಡೆ ಆಗುತ್ತೆ" ಎಂದು ಅವನು ಕೇಳುತ್ತಿದ್ದ. "ಬೇಡ. ಹೇಳಿದ್ರೆ ನನ್ನ ಜಾಗದಲ್ಲಿ ನೀನು, ನಿನ್ನ ಜಾಗದಲ್ಲಿ ನಾನು. ನನಗೆ ನಿನ್ನಷ್ಟು ಚೆನ್ನಾಗಿ ಗೋಡೆ ಉಜ್ಜೋಕೆ ಬರಲ್ಲ" ಎನ್ನುತ್ತಿದ್ದಳು. ಇಷ್ಟೇ ಅವರ ಸಂಸಾರ. ಅವಳಿಗೆ ಅದು ಸಾಕಾಗಿತ್ತು. ಸಾಕಾಗಿತ್ತು ಎಂದು ಹೇಳಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು.

ಭಕ್ತಿ ಇರುವ ಊರಿನಲ್ಲಿ ಒಳ್ಳೆಯದನ್ನು ಬಚ್ಚಿಡುವುದು ಕಷ್ಟ. ಗಾರೆಯವನ ಗೋಡೆಯ ಕೀರ್ತಿ ದೊಡ್ಡವರ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಬಂದು, ಪಕ್ಕದಲ್ಲಿ ನಿಂತು, ಅಂಗೈಯಿಂದ ಸವರಿ ನೋಡಿದರು. ಗೋಡೆ ತಣ್ಣಗೆ, ನುಣ್ಣಗೆ, ಕೊಳದ ನೀರಿನ ಹಾಗಿತ್ತು.

"ಹಣೆ ಇಡೋ ಜಾಗ ಹೀಗಿರಬೇಕು ನೋಡು" ಎಂದರು. "ನಮ್ಮ ಗೋಡೆಗಳೋ, ಎಣ್ಣೆಯ ಜಿಡ್ಡು. ಊರಿನ ಎಲ್ಲ ಗೋಡೆಗಳನ್ನೂ ಹೀಗೇ ಮಾಡಿಕೊಡಪ್ಪಾ."

ಗಾರೆಯವನು ಗೋಡೆಗೆ ಅಡ್ಡವಾಗಿ ನಿಂತ. "ಬೇಡ ದೊಡ್ಡವರೇ. ಒರಟು ಗೋಡೆನೇ ಲಕ್ಷಣ. ಇದು ಏನೋ ನನ್ನ ಹುಚ್ಚು."

"ಆಹಾ, ಎಂಥ ವಿನಯ!" ಎಂದರು ದೊಡ್ಡವರು.

ಅವನು ಬೇಡ ಬೇಡ ಎಂದಷ್ಟೂ ಊರಿಗೆ ಅವನ ಮೇಲೆ ಗೌರವ ಹೆಚ್ಚಿತು. ಕಾರಣ ಹೇಳುವ ಹಾಗಿಲ್ಲ, ಕೆಲಸ ಒಲ್ಲೆ ಎನ್ನುವ ಹಾಗಿಲ್ಲ. ಹಗಲೆಲ್ಲ ಸುಣ್ಣ ಅರೆದ, ಬಳಿದ, ಉಜ್ಜಿದ. ಬೇಕೆಂತಲೇ ಕೆಲಸ ಕೆಡಿಸಲು ನೋಡಿದ. ಅವನ ಕೈಗೆ ಕೆಡಿಸುವುದು ಬರುತ್ತಿರಲಿಲ್ಲ. ಒಂದೊಂದೇ ಗೋಡೆ ಕಣ್ಣು ತೆರೆಯುತ್ತಾ ಬಂತು. ಎಲ್ಲವೂ ಮುಗಿಯುವ ತನಕ ಯಾರೂ ಹೊಸ ಗೋಡೆಗೆ ಹಣೆ ತಾಗಿಸಬಾರದು, ಚಾಪೆ ಮುಚ್ಚಿಡಬೇಕು, ಒಂದೇ ದಿನ ತೆರೆಯಬೇಕು ಎಂದು ದೊಡ್ಡವರು ಅಪ್ಪಣೆ ಮಾಡಿದ್ದರು. ಹಾಗಾಗಿ ಆ ದಿನ ಬರುವ ತನಕ ಊರಿಗೆ ಏನೂ ಗೊತ್ತಾಗಲಿಲ್ಲ.

ಆ ದಿನ ಬಂತು. ಚಾಪೆಗಳನ್ನು ತೆಗೆದರು. ಜನ ಎಣ್ಣೆ ನೀರು ಮಾಡಿಕೊಂಡು, ಹೊಸ ಬಟ್ಟೆ ಉಟ್ಟು ಬೀದಿಗೆ ಬಂದರು. ದೂರದಲ್ಲಿ ಗಂಟೆ ಕೇಳಿಸಿತು. ಎಲ್ಲರೂ ಒಟ್ಟಿಗೆ ಗೋಡೆಗೆ ಮುಖ ಮಾಡಿದರು. ಹಣೆ ಒತ್ತಲು ಬಗ್ಗಿದವರು ಅರ್ಧದಲ್ಲೇ ನಿಂತರು.

ಗಂಟೆಯವಳು ಬೀದಿಗೆ ಕಾಲಿಟ್ಟ ಕೂಡಲೆ ಏನೋ ಬೇರೆಯಾಗಿದೆ ಎಂದು ಬೆನ್ನುಗಳೇ ಹೇಳಿದವು. ಅವು ಸೆಟೆದವು. ಯಾರೋ ಉಸಿರು ಒಳಗೆಳೆದುಕೊಂಡರು. ಎಡಕ್ಕೆ ನೋಡಿದರೆ ಗೋಡೆಯೊಳಗೆ ಅವಳು, ಬಲಕ್ಕೆ ನೋಡಿದರೆ ಅಲ್ಲೂ ಅವಳು. ಪ್ರತಿಯೊಬ್ಬರಿಗೂ ಮೊದಲು ತಮ್ಮ ಮುಖ ಕಾಣುತ್ತಿತ್ತು, ಅದರ ಭುಜದ ಮೇಲೆ ಅವಳ ಮುಖ ಕಾಣುತ್ತಿತ್ತು. ಗಂಟೆಯವಳೆಂದರೆ ಹಲ್ಲು ಹೊರಬಂದ ಹೆಣ್ಣು ಎಂದು ಮಕ್ಕಳಿಗೆ ಹೇಳಿ ಅನ್ನ ಉಣ್ಣಿಸಿದ್ದರು. ಗೋಡೆಯೊಳಗೆ ಇದ್ದದ್ದು ತೋಳು ಹರಿದ ರವಿಕೆಯ, ನೀಟಾಗಿ ತಲೆ ಬಾಚಿಕೊಂಡ, ಸೊರಗಿದ ಒಬ್ಬ ಹೆಂಗಸು.

"ಅಯ್ಯೋ, ಎಷ್ಟು ಬಡವಾಗಿದೆ ಕೂಸು!" ಎಂದಳು ಅತ್ತೆ, ಗಟ್ಟಿಯಾಗಿ.

ಅವಳ ಬಾಯನ್ನು ಪಕ್ಕದವರು ಕೈಯಿಂದ ಮುಚ್ಚಿದರು. ಯಾರೂ ಕಣ್ಣು ಮುಚ್ಚಲಿಲ್ಲ. ಗಂಟೆಯವಳು ಆ ಎಲ್ಲ ಕಣ್ಣುಗಳ ನಡುವೆ ಹೇಗೆ ನಡೆದಳೋ ಅವಳಿಗೇ ಗೊತ್ತಾಗಲಿಲ್ಲ. ಅಷ್ಟು ವರ್ಷ ಬಾವನೊಬ್ಬ ನೋಡಲಿ ಎಂದು ಬೇಡಿಕೊಂಡವಳಿಗೆ, ಊರೇ ನೋಡುವಾಗ ಸೆರಗು ಎಳೆದುಕೊಳ್ಳುವುದೇ ಕೆಲಸವಾಯಿತು.

ಮಧ್ಯಾಹ್ನ ಚಾವಡಿಯಲ್ಲಿ ಊರು ಸೇರಿತು. ಗಂಟೆಯವಳನ್ನು ಬರಹೇಳಿ ಹಿಂದಿನ ಕಂಬದ ಹತ್ತಿರ ನಿಲ್ಲಿಸಿದರು. ಎಲ್ಲರೂ ಅವಳಿಗೆ ಬೆನ್ನು ಹಾಕಿ ಚಾವಡಿಯ ಗೋಡೆಯ ಕಡೆಗೆ ಕೂತರು. ಆ ಗೋಡೆಯೂ ಹೊಳೆಯುತ್ತಿತ್ತು. ಎಲ್ಲರೂ ನೆಲ ನೋಡಿದರು.

"ಇವತ್ತು ಯಾರಾದ್ರೂ ನೋಡಿದಿರಾ?" ಎಂದು ದೊಡ್ಡವರು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬೇರೆ ಊರುಗಳಲ್ಲಿ ಒಬ್ಬಿಬ್ಬರಿರುತ್ತಾರೆ. ಇಲ್ಲಿ ಎಲ್ಲರ ಕೈಯೂ ಹೆಗಲ ಮೇಲೆ ಹೋಗಲು ತವಕಿಸುತ್ತಿತ್ತು. "ನಾವು ಗೋಡೆ ನೋಡಿದ್ವಿ" ಎಂದ ಒಬ್ಬ. "ಹೌದು, ಗೋಡೆನೇ" ಎಂದರು ಉಳಿದವರು. ಗೋಡೆಯೊಳಗೆ ಏನು ಕಂಡಿತೆಂದು ದೊಡ್ಡವರು ಕೇಳಲಿಲ್ಲ. ಅವರ ಕಣ್ಣು ಒಂದು ಗಳಿಗೆ ಮೇಲೆದ್ದು ಗೋಡೆಯೊಳಗಿನ ಗಂಟೆಯವಳ ಕಣ್ಣಿಗೆ ತಾಗಿತು, ಸುಟ್ಟಂತಾಗಿ ಕೆಳಗಿಳಿಯಿತು. ಅವಳಿಗೆ ಅವರನ್ನು ಕಂಡು ಕನಿಕರವಾಯಿತು.

ಆಮೇಲೆ ಒಬ್ಬ ಎದ್ದು, "ಇದು ಅವಳದೇ ಆಟ. ಹಿಂದಿನವರು ಹಾವು ಅಂತ ಕೂಗ್ತಿದ್ರು, ಇವಳು ಗೋಡೆಗೆ ಮಾಟ ಮಾಡಿದ್ದಾಳೆ. ಹೊಳೆಯಾಚೆಗೆ ಅಟ್ಟಿಬಿಡಿ" ಎಂದ. ಹೊಳೆಯಾಚೆಗೆ ಹೋದವರು ತಿರುಗಿ ಬಂದದ್ದಿಲ್ಲ. ಆ ಮಾತು ಎಲ್ಲರ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅಟ್ಟಿ, ಅಟ್ಟಿ ಎಂದು ದನಿಗಳು ಎದ್ದವು.

ಗಾರೆಯವನು ಎದ್ದು ನಿಂತ. "ಬೇಡ ಬಾವಾ" ಎಂದಳು ಅವಳು ಕಂಬದ ಹತ್ತಿರದಿಂದ. ಅವನು ಕೇಳಿಸಿಕೊಂಡ, ಈ ಸಲ ಅವಳ ಮಾತನ್ನು ಮೀರಿದ.

"ನೋಡಿದ್ದು ನಾನು. ಇವತ್ತಲ್ಲ, ದಿನಾ. ಗೋಡೆ ಉಜ್ಜಿದ್ದೇ ಅದಕ್ಕೆ."

ದೊಡ್ಡವರು ನೆಲ ನೋಡುತ್ತಲೇ, "ಯಾಕಪ್ಪಾ?" ಎಂದರು.

"ನನ್ನ ಹೆಂಡ್ತಿ. ನೋಡಬೇಕು ಅನ್ನಿಸ್ತಿತ್ತು."

"ಪಾಪ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಪಾಪ ಏನು ಅಂತ ಗೊತ್ತಾಗೋದಕ್ಕೆ ಮುಂಚೆನೇ ಅವಳು ನನಗೆ ಗೊತ್ತಿದ್ಲು."

ಊರಿಗೆ ಒಬ್ಬ ಪಾಪಿ ಸಿಕ್ಕಿದ. ಒಬ್ಬ ಸಿಕ್ಕರೆ ಸಾಕು, ಉಳಿದವರ ಲೆಕ್ಕ ಚುಕ್ತಾ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಎಲ್ಲರೂ ಸೆಟೆದ ಬೆನ್ನು ಸಡಿಲಿಸಿದರು. ದೊಡ್ಡವರು ಕಣ್ಣು ಮುಚ್ಚಿಕೊಂಡು ಬಂದು, ತಡಕಾಡುತ್ತಾ, ಅವಳ ಕೊರಳಿನ ಗಂಟು ಬಿಚ್ಚಿ ಅವನ ಕೊರಳಿಗೆ ಕಟ್ಟಿದರು.

ಗಂಟೆಯ ಸದ್ದು ಚಾವಡಿ ದಾಟಿದ ಕೂಡಲೆ ಎಲ್ಲ ಬೆನ್ನುಗಳೂ ತಿರುಗಿ ಮುಖಗಳಾದವು. ಎಲ್ಲವೂ ಅವಳ ಕಡೆಗೆ ಬಂದವು. "ಬಾ ತಾಯಿ, ಬಾ ಅಕ್ಕಾ" ಎಂದು ಕೈ ಹಿಡಿದರು, ತಲೆ ಸವರಿದರು. ಆ ಮುಖಗಳೆಲ್ಲ ಎಷ್ಟು ಮುಪ್ಪಾಗಿವೆ ಎಂದು ಅವಳು ಬೆರಗಾದಳು. ಅವರ ನಡುವೆ ಸಂದು ಮಾಡಿಕೊಂಡು ಹುಡುಕಿದರೆ, ಬಾವನ ಗಂಟೆಯ ಸದ್ದು ಆಗಲೇ ಊರಾಚೆಯ ಗುಡಿಸಲಿನ ಕಡೆಗೆ ಹೋಗುತ್ತಿತ್ತು.

ಸಂಜೆಯೊಳಗೆ ಎಲ್ಲ ಗೋಡೆಗೂ ಸಗಣಿ ಬಳಿಯಬೇಕೆಂದು ಅಪ್ಪಣೆಯಾಯಿತು. ಹೆಂಗಸರು ಗಂಡಸರು ಸೇರಿ ದಪ್ಪಗೆ ಬಳಿದರು. ಅವಳ ಕೈಗೂ ಒಂದು ಬುಟ್ಟಿ ಕೊಟ್ಟರು. ಬಾವನ ಗೋಡೆಯ ಮುಂದೆ ನಿಂತು ಅವಳು ಕೈ ಎತ್ತಲಿಲ್ಲ. ಗೋಡೆಯೊಳಗೆ ಈಗ ಅವಳೊಬ್ಬಳೇ ಇದ್ದಳು. ಅತ್ತೆ ಬಂದು, "ಕೊಡು ಇಲ್ಲಿ" ಎಂದು ಬುಟ್ಟಿ ಕಸಿದುಕೊಂಡು ತಾನೇ ಬಳಿದಳು. ಆಮೇಲೆ ಕೈ ತೊಳೆದುಕೊಂಡು ಸೊಸೆಗೆ ಬಿಸಿನೀರು ಹೊಯ್ದಳು, ಮೊಸರನ್ನ ಕಲಸಿ ತುತ್ತು ಕೊಟ್ಟಳು. "ತಿನ್ನು" ಎಂದಳು.

ಬೆಳಗಾಯಿತು. ಮೋಡ ಕವಿದು ಬಿಸಿಲಿರಲಿಲ್ಲ. ಗೋಡೆಯ ಸಗಣಿ ಇನ್ನೂ ಹಸಿಯಾಗಿತ್ತು. ಗಂಟೆ ಕೇಳಿಸಿತು. ಬೀದಿಯ ಎರಡೂ ಬದಿಗೆ ಜನ ತಿರುಗಿ, ಮೂಗು ಹಿಂಡಿಕೊಂಡು, ಹಣೆ ಒತ್ತಿದರು. ಅತ್ತೆಯೂ ತಿರುಗಿದಳು. ಸೊಸೆ ತಿರುಗಲಿಲ್ಲ. ಮನೆಯ ಜಗಲಿಯಿಂದಿಳಿದು ಬೀದಿಯ ನಡುವೆ ಹೋಗಿ ನಿಂತಳು.

ಗಾರೆಯವನು ಬಂದ. ಅವಳನ್ನು ಕಂಡು ಅವನ ಕಾಲು ತಡೆಯಿತು. ನಡುವೆ ಗೋಡೆಯಿಲ್ಲದೆ ಅವರು ಒಬ್ಬರನ್ನೊಬ್ಬರು ನೋಡಿ ಎಷ್ಟು ಕಾಲವಾಗಿತ್ತೋ! ಅ‍ವನ ರೆಪ್ಪೆಯ ಕೂದಲೂ ನರೆತದ್ದು ಗೋಡೆಯಲ್ಲಿ ಅವಳಿಗೆ ಕಂಡಿರಲಿಲ್ಲ.

"ತಿರುಗೇ" ಎಂದ ಅವನು ಗಾಬರಿಯಿಂದ. "ನಿನಗೆ ಬಿಡುಗಡೆ ಆಗಿದೆ."

"ಆಗಿದೆ. ಅದಕ್ಕೇ ನೋಡ್ತಿದ್ದೀನಿ. ಕೊಡು ಗಂಟೆ."

"ಕೊಡಲ್ಲ."

"ನೋಡಿದವರಿಗೆ ಅದು. ನನ್ನದು. ಕೊಡು, ಬಾವಾ."

"ನಾಳೆ ನಾನು ನಿನ್ನ ನೋಡ್ತೀನಿ. ಮತ್ತೆ ನನಗೇ ಬರುತ್ತೆ. ಎಲ್ಲಿ ತನಕ ಹೀಗೆ ಕಿತ್ತಾಡೋದು?"

"ಸಾಯೋ ತನಕ" ಎಂದಳು ಅವಳು. ಎರಡೂ ಕೈಯಲ್ಲಿ ಗಂಟೆಯನ್ನು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲು ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಇಟ್ಟವನು ಬಿಡಿಸಿಕೊಳ್ಳುವುದನ್ನು ಮರೆತ. ಆ ಕೈ ಒರಟಾಗಿ, ಸುಣ್ಣಕ್ಕೆ ಬಿರುಕುಬಿಟ್ಟು, ಬೆಚ್ಚಗಿತ್ತು. ಅವಳು ಅಳತೊಡಗಿದಳು. ನಾಲ್ಕು ಕೈಗಳ ನಡುವೆ ಸಿಕ್ಕಿಕೊಂಡ ಗಂಟೆ ಸದ್ದು ಮಾಡಲಿಲ್ಲ.

ಇತ್ತ ಊರು ಗೋಡೆಗೆ ಹಣೆ ಒತ್ತಿ ಕಾಯುತ್ತಿತ್ತು. ಸದ್ದು ಬಂದಿತ್ತು, ಹತ್ತಿರವಾಗಿತ್ತು, ನಿಂತುಹೋಗಿತ್ತು. ದಾಟಿಹೋಗಿರಲಿಲ್ಲ. ದಾಟಿಹೋಗದ ಸದ್ದಿಗೆ ಎಷ್ಟು ಹೊತ್ತು ನಿಲ್ಲಬೇಕೆಂದು ಕಟ್ಟಳೆ ಮಾಡಿದವರು ಹೇಳಿರಲಿಲ್ಲ. ನಿಂತರು. ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂತು, ಆದರೂ ನಿಂತರು. ಸಗಣಿಯ ನೀರು ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ತುಟಿಗೆ ಇಳಿಯಿತು.

"ಹೋದನೇನ್ರೋ? ನನ್ನ ಮಂಡಿ ಹಿಡ್ಕೊಂಡ್ತು" ಎಂದಳು ಅತ್ತೆ.

ಗೋಡೆ ಹಿಡಿದುಕೊಂಡು ನಿಧಾನವಾಗಿ ತಿರುಗಿದ ಅತ್ತೆ ಹಾಗೇ ನಿಂತುಬಿಟ್ಟಳು. ಅವಳು ತಿರುಗಿದ ಸದ್ದಿಗೆ ಪಕ್ಕದವಳು ತಿರುಗಿದಳು. ಗಂಟೆ ಹೋಯಿತೆಂದುಕೊಂಡು ಅವಳ ಪಕ್ಕದವನು ತಿರುಗಿದ. ಎದುರು ಸಾಲಿನವರೂ ಒಬ್ಬೊಬ್ಬರಾಗಿ ತಿರುಗಿದರು. ಬೀದಿಯ ನಡುವೆ ಗಂಡ ಹೆಂಡತಿ ಕೈ ಕೈ ಹಿಡಿದುಕೊಂಡು ನಿಂತಿದ್ದರು. ಎಲ್ಲರೂ ಅವರನ್ನು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಹಣೆಯಿಂದ ಗದ್ದದ ತನಕ ಎಲ್ಲರ ಮುಖದ ಮೇಲೂ ಸಗಣಿ. ಯಾರೋ ನಗು ತಡೆದುಕೊಳ್ಳಲಾರದೆ ಕಿಸಕ್ಕೆಂದರು.

ದೊಡ್ಡವರು ಕಡೆಯಲ್ಲಿ ತಿರುಗಿದರು. ಎಲ್ಲರನ್ನೂ ನೋಡಿದರು. ಅವರ ಗಂಟಲಿನಿಂದ ಅಭ್ಯಾಸಬಲದಿಂದ ಮಾತು ಹೊರಟಿತು: "ನೋಡಿದವರು ಹೇಳಬೇಕು." ಹೇಳೋಣವೆಂದರೆ, ಕೇಳಿಸಿಕೊಂಡು ತೀರ್ಮಾನ ಹೇಳುವುದಕ್ಕೆ ನೋಡದವರು ಆ ಬೀದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಅದು ಅವರಿಗೂ ಹೊಳೆದಿರಬೇಕು. ಬಾಯಿ ತೆರೆದವರು ಹಾಗೇ ನಿಂತರು. ಸಗಣಿಯ ನೀರು ಅವರ ಕಣ್ಣಿಗೆ ಇಳಿಯುತ್ತಿತ್ತು, ಕಣ್ಣು ಉರಿದು ನೀರು ಬರುತ್ತಿತ್ತು.

ಅವಳು ಬಾವನ ಕೈಯಿಂದ ಒಂದು ಕೈ ಬಿಡಿಸಿಕೊಂಡಳು. ದೊಡ್ಡವರ ಹತ್ತಿರ ಬಂದು ಸೆರಗಿನ ತುದಿ ಹಿಡಿದಳು.

"ಕಣ್ಣಿಗೆ ಹೋಗ್ತಿದೆ. ಸ್ವಲ್ಪ ಬಗ್ಗಿ, ದೊಡ್ಡವರೇ."

ದೊಡ್ಡವರು ಬಗ್ಗಿದರು. ಅವಳು ಒರೆಸಿದಳು.